ಹಗಲಿನ ಚೀಲ, ಹೆಗಲಿನ ಚೀಲ

ಪ್ರವಾಸ ಹೊರಡುವವರು ಮನೆಯಲ್ಲಿ ಕುಳಿತು ಮಾಡುವ ಆಲೋಚನೆಗಳಲ್ಲಿ ಊರು, ರೈಲು, ವಸತಿ, ಖರ್ಚು ಇವೆಲ್ಲಕ್ಕೂ ಸ್ಥಾನವುಂಟು. ಬಟ್ಟೆಬರೆ ತುಂಬುವ ದೊಡ್ಡ ಪೆಟ್ಟಿಗೆಯ ವಿಷಯದಲ್ಲಿಯೂ ಸಾಕಷ್ಟು ಚರ್ಚೆ ನಡೆಯುತ್ತದೆ. ಆದರೆ ಆ ಪೆಟ್ಟಿಗೆಯನ್ನು ವಸತಿಗೃಹದ ಕೋಣೆಯಲ್ಲಿರಿಸಿ, ಬೀಗ ಹಾಕಿ, ಬೆಳಗ್ಗೆ ಊರು ನೋಡಲು ಹೊರಟವರ ಹೆಗಲಿನಲ್ಲಿ ಸಂಜೆಯವರೆಗೂ ತೂಗಾಡುವ ಸಣ್ಣ ಚೀಲವೊಂದಿದೆಯಲ್ಲ, ಅದನ್ನು ಕುರಿತು ಯೋಚಿಸುವವರು ವಿರಳ. ಜವಳಿ ಅಂಗಡಿಯವರು ಕೊಟ್ಟ ಕೈಚೀಲವೋ, ಮಕ್ಕಳು ಶಾಲೆಗೆ ಒಯ್ಯುತ್ತಿದ್ದ ಹಳೆಯ ಚೀಲವೋ, ಹೊರಡುವ ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದೇ ಆಯ್ಕೆ. ದಿನವೆಲ್ಲ ನಮ್ಮ ಹಣ, ಗುರುತಿನ ಚೀಟಿ, ಔಷಧಿ, ನೀರು, ಫೋನು ಎಲ್ಲವೂ ಇರುವುದು ಅದರಲ್ಲಿಯೇ. ಆ ಹಗಲಿನ ಚೀಲವನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಮ್ಮ ಹಿರಿಯರಿಗೆ ಈ ವಿಷಯದಲ್ಲಿ ನಮಗಿಂತ ಹೆಚ್ಚಿನ ವಿವೇಕವಿತ್ತೆಂದು ತೋರುತ್ತದೆ. ಚೀಲಕ್ಕೆ ಕನ್ನಡದಲ್ಲಿರುವ ಹೆಸರುಗಳನ್ನೇ ನೋಡಿ. ಜೋಳಿಗೆಯದು ಅಗಲವಾದ ಬಾಯಿ. ನೀಡುವವರ ಕೈ ಸಲೀಸಾಗಿ ಒಳಗೆ ಹೋಗಬೇಕಾದುದರಿಂದ ಅದು ಸದಾ ತೆರೆದೇ ಇರುತ್ತದೆ. ಹಸುಬೆಗೆ ಎರಡು ಹೊಟ್ಟೆ. ಒಂದು ಎದೆಯ ಮೇಲೆ, ಇನ್ನೊಂದು ಬೆನ್ನಿನ ಮೇಲೆ ಬೀಳುವಂತೆ ಹೆಗಲಿಗೆ ಹಾಕಿಕೊಂಡರೆ ಹೊರೆ ಸಮನಾಗುತ್ತದೆ. ಇನ್ನು ಎಲೆಯಡಿಕೆಯ ಸಂಚಿ. ಅಂಗೈಯಗಲದ ಆ ಬಟ್ಟೆಯ ಚೀಲದಲ್ಲಿ ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಚಿಲ್ಲರೆ ಕಾಸಿಗೊಂದು ಮನೆ. ಲಾಡಿಯನ್ನೆಳೆದರೆ ಎಲ್ಲ ಬಾಯಿಗಳೂ ಒಮ್ಮೆಗೇ ಮುಚ್ಚಿಕೊಳ್ಳುತ್ತವೆ. ಸೊಂಟಕ್ಕೆ ಸಿಕ್ಕಿಸಿದರೆ ಇದೆಯೋ ಇಲ್ಲವೋ ಎಂಬುದನ್ನು ಮೈಯೇ ಹೇಳುತ್ತದೆ, ಕಣ್ಣಿನಿಂದ ನೋಡಬೇಕಾಗಿಲ್ಲ. ಅಜ್ಜಿಯರು ಕತ್ತಲಲ್ಲಿಯೂ ತಡವರಿಸದೆ ಅಡಿಕೆಯ ಚೂರನ್ನು ತೆಗೆಯುತ್ತಿದ್ದುದು ಈ ಏರ್ಪಾಡಿನಿಂದ.

ಇದು ನಮ್ಮ ನಾಡಿನ ಬುದ್ಧಿ ಮಾತ್ರವಲ್ಲ. 1991ರಲ್ಲಿ ಆಸ್ಟ್ರಿಯ ಮತ್ತು ಇಟಲಿಯ ಗಡಿಯಲ್ಲಿ, ಆಲ್ಪ್ಸ್ ಪರ್ವತದ ಹಿಮದಲ್ಲಿ ಮನುಷ್ಯನೊಬ್ಬನ ದೇಹ ಸಿಕ್ಕಿತು. ಅವನು ಬದುಕಿದ್ದುದು ಸುಮಾರು 5300 ವರ್ಷಗಳ ಹಿಂದೆ. ಅವನ ಸೊಂಟದ ಪಟ್ಟಿಗೆ ಹೊಲಿದಿದ್ದ ಚರ್ಮದ ಸಣ್ಣ ಚೀಲದಲ್ಲಿ ಕಲ್ಲಿನ ಕೆಲವು ಉಪಕರಣಗಳು, ಮೂಳೆಯದೊಂದು ದಬ್ಬಳ, ಬೆಂಕಿ ಹೊತ್ತಿಸಲು ಬೇಕಾದ ಒಣಗಿದ ಅಣಬೆ ಇದ್ದವು. ಕಳೆದುಕೊಂಡರೆ ಆ ದಿನ ಬದುಕುವುದೇ ಕಷ್ಟವಾಗುವ ವಸ್ತುಗಳನ್ನು ಅವನು ಮೈಗೆ ಅಂಟಿಸಿಕೊಂಡಿದ್ದ. ಚೀಲದ ಶಾಸ್ತ್ರದ ಮೊದಲ ಸೂತ್ರ ಇದೇ: ಕಳೆಯಬಾರದ್ದು ಮೈಗೆ ಹತ್ತಿರವಿರಲಿ, ಕಳೆದರೆ ಸಹಿಸಬಹುದಾದದ್ದು ಹೆಗಲಿನಲ್ಲಿರಲಿ.

ಈಗ ನಮ್ಮ ಕುಟುಂಬಗಳು ಊರು ನೋಡುವ ಬಗೆಯನ್ನು ಸ್ವಲ್ಪ ಗಮನಿಸೋಣ. ಹಂಪೆಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ ಮಕ್ಕಳು, ಯಜಮಾನರು, ನೆಂಟರು ನಿಂತು ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ. ಆಚೆ ಯಾವುದಾದರೊಂದು ಮಂಟಪದ ನೆರಳಿನಲ್ಲಿ ಆ ಮನೆಯ ತಾಯಿಯೋ ಅತ್ತೆಯೋ ಕುಳಿತಿರುತ್ತಾರೆ. ಅವರ ಸುತ್ತ ನಾಲ್ಕು ಚೀಲಗಳು. ಒಂದರಲ್ಲಿ ಚಿತ್ರಾನ್ನದ ಡಬ್ಬಿ, ಒಂದರಲ್ಲಿ ಎಲ್ಲರ ನೀರು, ಒಂದರಲ್ಲಿ ಮಗುವಿನ ಬಟ್ಟೆ, ಮಡಿಲಿನಲ್ಲಿ ಎಲ್ಲರ ಹಣವಿರುವ ಕೈಚೀಲ. ‘ನೀವು ನೋಡಿಕೊಂಡು ಬನ್ನಿ, ನಾನು ಇಲ್ಲಿ ಕೂತಿರುತ್ತೇನೆ’ ಎಂಬ ಮಾತು ನಮ್ಮ ಪ್ರವಾಸಗಳಲ್ಲಿ ಎಷ್ಟು ಸಲ ಕೇಳಿಬರುತ್ತದೆ! ಮಹಾಮಂಟಪದ ಕಂಬಗಳ ಕೆತ್ತನೆಯನ್ನು ನೋಡಲೆಂದು ನೂರಾರು ಮೈಲಿ ಬಂದು, ಚೀಲಗಳನ್ನು ನೋಡಿಕೊಂಡು ಹಿಂತಿರುಗುವವರು ಅವರು. ಚೀಲವು ಸರಿಯಾಗಿಲ್ಲದಿದ್ದರೆ ಯಾರಾದರೊಬ್ಬರು ಅದರ ಕಾವಲುಗಾರರಾಗಬೇಕಾಗುತ್ತದೆ. ಆ ಕೆಲಸ ಸಾಮಾನ್ಯವಾಗಿ ಹೆಂಗಸರ ಪಾಲಿಗೆ ಬರುತ್ತದೆ. ಆದುದರಿಂದ ಚೀಲವನ್ನು ಆರಿಸುವುದು ಯಾರು ಊರು ನೋಡಬೇಕು, ಯಾರು ನೋಡಬಾರದು ಎಂಬುದನ್ನು ನಿರ್ಣಯಿಸುವ ಕೆಲಸವೂ ಆಗಿದೆ.

ಎಲ್ಲವನ್ನೂ ಒಬ್ಬರ ಹತ್ತಿರ ಕೊಡುವುದು ಭದ್ರತೆಯ ದೃಷ್ಟಿಯಿಂದಲೂ ತಪ್ಪು. ಕಳ್ಳನಿಗೆ ಬೇಕಾದದ್ದು ಒಂದೇ ಚೀಲ, ಒಂದೇ ಗಳಿಗೆ. ಹಣವೂ ಗುರುತಿನ ಚೀಟಿಯೂ ಫೋನೂ ಕೋಣೆಯ ಬೀಗದ ಕೈಯೂ ಒಂದೇ ಕಡೆ ಇದ್ದರೆ, ಆ ಒಂದು ಗಳಿಗೆಯಲ್ಲಿ ಇಡೀ ಸಂಸಾರವೇ ಪರಊರಿನಲ್ಲಿ ಬರಿಗೈಯಾಗುತ್ತದೆ. ಹಂಚಿಕೊಂಡರೆ ಹೊರೆಯೂ ಕಡಿಮೆ, ಹಾನಿಯೂ ಕಡಿಮೆ. ಮನೆಯ ಪ್ರತಿಯೊಬ್ಬರಿಗೂ, ಹತ್ತು ವರ್ಷದ ಮಗುವಿಗೂ, ಅವರವರ ಅಳತೆಯ ಒಂದೊಂದು ಚೀಲವಿರಲಿ ಎಂಬುದು ನನ್ನ ವಾದ.

ಹಾಗಾದರೆ ಆ ಚೀಲ ಎಂಥದಿರಬೇಕು? ಮೊದಲು ಗಾತ್ರ. ನಲವತ್ತು ಸೆಂಟಿಮೀಟರ್ ಎತ್ತರ, ಇಪ್ಪತ್ತೈದು ಅಗಲ, ಹನ್ನೆರಡು ದಪ್ಪ ಇರುವ ಚೀಲದಲ್ಲಿ ಹನ್ನೆರಡು ಲೀಟರಿನಷ್ಟು ಸ್ಥಳವಿರುತ್ತದೆ. ದೊಡ್ಡವರೊಬ್ಬರ ಒಂದು ಹಗಲಿಗೆ ಇದು ಧಾರಾಳ. ದೊಡ್ಡ ಚೀಲವನ್ನು ಕೊಂಡರೆ ‘ಸ್ಥಳವಿದೆಯಲ್ಲ’ ಎಂದು ಅದನ್ನು ತುಂಬುತ್ತೇವೆ, ತುಂಬಿದ್ದನ್ನು ಹೊರುತ್ತೇವೆ. ಒಂದು ಲೀಟರು ನೀರೇ ಒಂದು ಕಿಲೋ ತೂಗುತ್ತದೆ. ಅದರ ಜೊತೆಗೆ ಬುತ್ತಿ, ಕೊಡೆ, ಒಂದು ಹೊದೆಯುವ ಬಟ್ಟೆ ಸೇರಿದರೆ ಎರಡೂವರೆ ಕಿಲೋ. ಚೀಲದ ಸ್ವಂತ ತೂಕ ಅರ್ಧ ಕಿಲೋವನ್ನು ಮೀರದಿದ್ದರೆ ಒಟ್ಟು ಮೂರರಲ್ಲಿ ನಿಲ್ಲುತ್ತದೆ. ಶಾಲೆಯ ಮಕ್ಕಳ ಚೀಲವು ಮಗುವಿನ ತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದೆಂದು ಕೇಂದ್ರ ಸರ್ಕಾರದ 2020ರ ಶಾಲಾಚೀಲ ನೀತಿ ಹೇಳುತ್ತದೆ. ದಿನವಿಡೀ ಬಿಸಿಲಿನಲ್ಲಿ ನಡೆಯುವ ದೊಡ್ಡವರಿಗೂ ಅದು ಒಳ್ಳೆಯ ಅಳತೆಗೋಲೇ.

ಎರಡನೆಯದು ಪಟ್ಟಿ. ಮೂರು ಕಿಲೋ ಭಾರವನ್ನು ಎರಡು ಸೆಂಟಿಮೀಟರ್ ಅಗಲದ ಪಟ್ಟಿಯಲ್ಲಿ ಹೊತ್ತರೆ ಹೆಗಲಿನ ಮೇಲೆ ಬೀಳುವ ಒತ್ತಡ, ಐದು ಸೆಂಟಿಮೀಟರಿನ ಪಟ್ಟಿಯಲ್ಲಿ ಹೊತ್ತಾಗ ಬೀಳುವುದರ ಎರಡೂವರೆ ಪಟ್ಟು. ಹೆಗಲಿನಲ್ಲಿ ಕೆಂಪು ಗೆರೆ ಮೂಡುವುದು ಇದರಿಂದಲೇ. ಎರಡೂ ಹೆಗಲಿಗೆ ಹಾಕುವ ಬೆನ್ನುಚೀಲ ಭಾರಕ್ಕೆ ಉತ್ತಮ; ಒಂದು ಹೆಗಲಿನಿಂದ ಎದೆಗೆ ಅಡ್ಡಲಾಗಿ ಇಳಿಯುವ ಬಗಲುಚೀಲ ಕಾವಲಿಗೆ ಉತ್ತಮ. ಸೀರೆ ಉಟ್ಟವರಿಗೆ ಬೆನ್ನುಚೀಲದ ಪಟ್ಟಿ ಸೆರಗನ್ನು ಎಳೆಯುತ್ತದೆ. ಅವರಿಗೆ ಅಗಲವಾದ ಪಟ್ಟಿಯ ಬಗಲುಚೀಲವೇ ಅನುಕೂಲ. ಅದು ಸೊಂಟದ ಮಟ್ಟಕ್ಕೆ ಬರಲಿ. ಮೊಣಕಾಲಿನವರೆಗೆ ತೂಗಾಡಿದರೆ ಮೆಟ್ಟಿಲು ಹತ್ತುವಾಗ ಕಾಲಿಗೆ ಬಡಿಯುತ್ತದೆ, ಜನಜಂಗುಳಿಯಲ್ಲಿ ಕಣ್ಣಿಗೆ ಮರೆಯಾಗುತ್ತದೆ. ರಸ್ತೆಯ ಅಂಚಿನಲ್ಲಿ ನಡೆಯುವಾಗ ಚೀಲ ವಾಹನಗಳ ಕಡೆಗಿರದೆ ಗೋಡೆಯ ಕಡೆಗಿರಲಿ. ಮೋಟಾರ್ ಸೈಕಲ್ಲಿನಲ್ಲಿ ಬಂದು ಕಿತ್ತುಕೊಳ್ಳುವವರ ಕೈಗೆ ಆಗ ಅದು ಎಟುಕುವುದಿಲ್ಲ. ಬಸ್ಸಿನ ನೂಕುನುಗ್ಗಲಿನಲ್ಲಿ ಬೆನ್ನುಚೀಲವನ್ನು ಎದೆಗೆ ತಿರುಗಿಸಿಕೊಳ್ಳಬೇಕು.

ಮೂರನೆಯದು ಬಾಯಿ. ಒಂದು ಗುಂಡಿಯಿಂದ ಮುಚ್ಚುವ ಚೀಲ ಮುಚ್ಚಿದಂತೆ ಕಾಣುತ್ತದೆ, ಮುಚ್ಚಿರುವುದಿಲ್ಲ. ಜಿಪ್ಪಿರಬೇಕು, ಅದು ಬಾಯಿಯ ಈ ತುದಿಯಿಂದ ಆ ತುದಿಗೂ ಇರಬೇಕು. ಎರಡು ರನ್ನರುಗಳಿರುವ ಜಿಪ್ಪಾದರೆ ಎರಡನ್ನೂ ಒಂದು ಪಕ್ಕಕ್ಕೆ ತಂದು, ಸಣ್ಣ ಕೊಂಡಿಯನ್ನೋ ಪಿನ್ನನ್ನೋ ಸಿಕ್ಕಿಸಬಹುದು. ಬ್ಲೇಡಿನಿಂದ ಕುಯ್ಯುವವನನ್ನು ಇದು ತಡೆಯದು, ನಿಜ. ಆದರೆ ಹೆಚ್ಚಿನ ಕಳ್ಳತನ ನಡೆಯುವುದು ಅವಸರದಲ್ಲಿ. ಕೊಂಡಿಯನ್ನು ಬಿಡಿಸಲು ಬೇಕಾಗುವ ಹತ್ತು ಸೆಕೆಂಡುಗಳು ಕಳ್ಳನಿಗೆ ದುಬಾರಿ. ದೊಡ್ಡ ಬೀಗವನ್ನು ಮಾತ್ರ ತೂಗುಹಾಕಬೇಡಿ. ಒಳಗೆ ಬೆಲೆಬಾಳುವ ವಸ್ತುವಿದೆಯೆಂದು ಅದು ಡಂಗುರ ಸಾರುತ್ತದೆ.

ನಾಲ್ಕನೆಯದು ಬಟ್ಟೆ. ಹತ್ತಿಯ ಚೀಲ ನೋಡಲು ಚೆಂದ. ಮಳೆಗೆ ಸಿಕ್ಕಿದರೆ ನೀರು ಕುಡಿದು ಭಾರವಾಗುತ್ತದೆ, ಬೇಗ ಒಣಗುವುದಿಲ್ಲ. ದಟ್ಟವಾಗಿ ನೇಯ್ದ ನೈಲಾನು ಹಗುರ, ಗಟ್ಟಿ. ಒಳಮೈಗೆ ಲೇಪವಿದ್ದರೂ ಸೂಜಿ ತೂರಿದ ಹೊಲಿಗೆಯ ಸಾಲಿನಲ್ಲಿ ನೀರು ಜಿನುಗುವುದರಿಂದ, ಕಾಗದಪತ್ರಗಳಿಗೆ ಒಳಗೊಂದು ಪ್ಲಾಸ್ಟಿಕ್ ಲಕೋಟೆ ಬೇಕೇ ಬೇಕು. ಹೊರಗಿನ ಬಣ್ಣ ಯಾವುದೇ ಇರಲಿ, ಒಳಗಿನ ಅಸ್ತರು ತಿಳಿಬಣ್ಣದ್ದಾಗಿರಲಿ. ಕಪ್ಪು ಅಸ್ತರಿನ ಚೀಲದಲ್ಲಿ ಬೀಗದ ಕೈ ಹುಡುಕುವುದು ಬಾವಿಯಲ್ಲಿ ಬಿಂದಿಗೆ ಹುಡುಕಿದಂತೆ. ಅಂಗಡಿಯಲ್ಲಿಯೇ ಪಟ್ಟಿ ಚೀಲವನ್ನು ಸೇರುವ ಜಾಗದ ಹೊಲಿಗೆಯನ್ನು ಜಗ್ಗಿ ನೋಡಿ. ಚೀಲ ಹರಿಯುವುದು ಸಾಮಾನ್ಯವಾಗಿ ಅಲ್ಲಿಯೇ.

ಇಂಥ ಚೀಲವನ್ನು ಹಾಕಿಕೊಂಡು ಈಗ ಹಂಪೆಗೆ ಹೋಗೋಣ. ಬೆಳಗ್ಗೆ ವಿರೂಪಾಕ್ಷನ ಗುಡಿ. ಪಾದರಕ್ಷೆ ಬಿಡಬೇಕು, ಎರಡು ಕೈಯೂ ಖಾಲಿಯಿದ್ದರೆ ಬಗ್ಗುವುದು ಸುಲಭ. ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತುವಾಗಲೂ ಇದೇ ಅನುಭವ: ಕೈ ಬೇಕಾಗುವುದು ಕಂಬಿ ಹಿಡಿಯಲು. ಹಂಪೆಯಲ್ಲಿ ಕೋತಿಗಳುಂಟು. ಪ್ಲಾಸ್ಟಿಕ್ ಕವರಿನ ಸರಬರ ಸದ್ದು ಅವಕ್ಕೆ ಊಟದ ಗಂಟೆಯಿದ್ದಂತೆ. ಬಾಳೆಹಣ್ಣನ್ನು ಹೊರಗಿನ ಬಲೆಜೇಬಿನಲ್ಲಿಟ್ಟವರು ಹಣ್ಣಿನ ಜೊತೆಗೆ ಚೀಲವನ್ನೂ ಕಳೆದುಕೊಳ್ಳಬಹುದು. ತಿಂಡಿ ಮುಚ್ಚಳದ ಡಬ್ಬಿಯಲ್ಲಿ, ಚೀಲದ ತಳದಲ್ಲಿರಲಿ. ಕೋತಿ ಹಿಡಿದೇ ಬಿಟ್ಟರೆ ಜಗ್ಗಾಡಬೇಡಿ, ಕೈಬಿಡಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಹೋದ ಚೀಲದಲ್ಲಿ ತಿಂಡಿ ಮಾತ್ರ ಇದ್ದರೆ ಕೈಬಿಡಲು ಧೈರ್ಯ ಬರುತ್ತದೆ; ಹಣವೂ ಇದ್ದರೆ ಬಾರದು. ಮೊದಲ ಸೂತ್ರ ಇಲ್ಲಿ ನೆರವಿಗೆ ಬರುತ್ತದೆ.

ಅಲ್ಲಿಂದ ತುಂಗಭದ್ರೆಯ ದಂಡೆಯ ಬಂಡೆಗಳ ನಡುವೆ ಸುಮಾರು ಎರಡು ಕಿಲೋಮೀಟರು ನಡೆದರೆ ವಿಠ್ಠಲ ದೇವಾಲಯ. ಅಲ್ಲಿ ಕೊಂಡ ಟಿಕೆಟ್ಟು ಅದೇ ದಿನ ಕಮಲ ಮಹಲಿನ ಆವರಣಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ಸಲ್ಲುತ್ತದೆ. ಅದಕ್ಕೊಂದು ಗೊತ್ತಾದ ಜೇಬು ಬೇಕು. ಹರಿಗೋಲಿನಲ್ಲಿ ಕುಳಿತಾಗ ತಳದಲ್ಲಿ ನೀರು ನಿಂತಿರಬಹುದು. ಚೀಲ ತೊಡೆಯ ಮೇಲಿರಲಿ. ಊಟಕ್ಕೆ ಕುಳಿತಾಗ ಕುರ್ಚಿಯ ಬೆನ್ನಿಗೆ ತೂಗುಹಾಕದೆ, ಪಟ್ಟಿಯನ್ನು ಕುರ್ಚಿಯ ಕಾಲಿಗೆ ಸುತ್ತಿ ಪಾದದ ಬಳಿ ಇಡಿ.

ಇನ್ನು ಯಾವುದು ಎಲ್ಲಿ? ಮೈಗಂಟಿದ ಸಂಚಿಯಲ್ಲಿ ಗುರುತಿನ ಚೀಟಿ, ಬ್ಯಾಂಕಿನ ಕಾರ್ಡು, ಊರಿಗೆ ಹಿಂತಿರುಗಲು ಸಾಕಾಗುವಷ್ಟು ಹಣ. ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಳ್ಳುತ್ತಿದ್ದವರು, ಪಂಚೆಯ ಮಡಿಕೆಯಲ್ಲಿ ಸಿಕ್ಕಿಸುತ್ತಿದ್ದವರು ಮಾಡುತ್ತಿದ್ದುದೂ ಇದನ್ನೇ. ಹೊರಜೇಬಿನಲ್ಲಿ ದಿನದ ಚಿಲ್ಲರೆ ಖರ್ಚಿನ ಹಣ. ಒಂದು ಎಳನೀರಿಗಾಗಿ ನಾಲ್ಕು ಜನರೆದುರು ದೊಡ್ಡ ಕಂತೆಯನ್ನು ಬಿಚ್ಚಬೇಕಾಗಿಲ್ಲ. ಫೋನು ಇಂದು ಹಣದ ಥೈಲಿ, ಟಿಕೆಟ್ಟು, ನಕ್ಷೆ, ಕ್ಯಾಮೆರಾ ಎಲ್ಲವೂ ಆಗಿದೆ. ಹಾಗಾಗಿ ಅದೊಂದು ಹೋದರೆ ಎಲ್ಲವೂ ಹೋದಂತೆ. ಮನೆಯವರ, ವಸತಿಗೃಹದ ದೂರವಾಣಿ ಸಂಖ್ಯೆಗಳನ್ನು ಒಂದು ಕಾಗದದಲ್ಲಿ ಬರೆದು ಪ್ರತಿಯೊಬ್ಬರ ಚೀಲದಲ್ಲಿಯೂ ಇಡಿ. ತಿರುಮಲೆಯ ದೇವಾಲಯದಂತೆ ಫೋನನ್ನು ಒಳಗೆ ಬಿಡದ ಕಡೆಗಳಲ್ಲಿಯೂ ಈ ಚೀಟಿ ಕೆಲಸಕ್ಕೆ ಬರುತ್ತದೆ. ಫೋನಿನಲ್ಲಿ *#06# ಒತ್ತಿದರೆ ಕಾಣುವ ಹದಿನೈದು ಅಂಕಿಯ ಸಂಖ್ಯೆಯನ್ನು ಮನೆಯಲ್ಲಿ ಬರೆದಿಟ್ಟುಕೊಳ್ಳಿ. ಕಳುವಾದ ಫೋನನ್ನು ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ಯ ಮೂಲಕ ನಿಷ್ಕ್ರಿಯಗೊಳಿಸಲು ಅದು ಬೇಕಾಗುತ್ತದೆ.

ಹೊರಡುವ ಹಿಂದಿನ ರಾತ್ರಿ ಒಂದು ಪರೀಕ್ಷೆ ಮಾಡಿ. ಮನೆಯ ಎಲ್ಲರೂ ತಮ್ಮ ತಮ್ಮ ಚೀಲವನ್ನು ತುಂಬಿ ಹೆಗಲಿಗೆ ಹಾಕಿಕೊಂಡು ಮನೆಯ ಮೆಟ್ಟಿಲನ್ನು ಹತ್ತಿ ಇಳಿಯಲಿ. ಕಣ್ಣು ಮುಚ್ಚಿ ನೀರಿನ ಸೀಸೆ, ಔಷಧಿ, ಟಿಕೆಟ್ಟು ತೆಗೆಯಲಿ. ಯಾರ ಚೀಲ ಉಳಿದವರದಕ್ಕಿಂತ ಭಾರವಾಗಿದೆಯೋ ನೋಡಿ, ಅದರಿಂದ ಎರಡು ವಸ್ತುಗಳನ್ನು ತೆಗೆದು ಹಗುರವಾದ ಚೀಲಕ್ಕೆ ಹಾಕಿ. ಭಾರವಾದ ಚೀಲ ಯಾರದೆಂದು ನೋಡುವ ಮೊದಲೇ ನಿಮಗೆ ಗೊತ್ತಿರುತ್ತದೆ. ಮರುದಿನ ವಿಠ್ಠಲನ ಅಂಗಳದಲ್ಲಿ ಅವರೂ ಕೈಬೀಸಿಕೊಂಡು ಕಲ್ಲಿನ ರಥದ ಸುತ್ತ ಒಂದು ಸುತ್ತು ಬರುವಂತಾದರೆ, ಚೀಲವನ್ನು ಸರಿಯಾಗಿಯೇ ಆರಿಸಿದ್ದೀರೆಂದು ತಿಳಿಯಬಹುದು.