6,400 ಡಾಲರ್ ಕಾಯಲು 7,900 ಡಾಲರ್

2012ರ ಸುಮಾರಿಗೆ ಆಸ್ಟ್ರೇಲಿಯಾದಲ್ಲಿ ಒಬ್ಬಂಟಿ ನಿರುದ್ಯೋಗಿಗೆ ಸಿಗುತ್ತಿದ್ದ ಸರ್ಕಾರಿ ಭತ್ಯೆ ವಾರಕ್ಕೆ 246 ಡಾಲರ್. ವರ್ಷಕ್ಕೆ 12,800ರ ಆಸುಪಾಸು. ಅವನು ನಾರ್ದರ್ನ್ ಟೆರಿಟರಿಯ ಯಾವುದೋ ಒಳನಾಡಿನ ಊರಿನಲ್ಲಿದ್ದು, ಬಹಳ ಕಾಲದಿಂದ ಭತ್ಯೆ ಪಡೆಯುತ್ತಿದ್ದರೆ ಅದರಲ್ಲಿ ಅರ್ಧ, ಅಂದರೆ 6,400 ಡಾಲರ್, ಅವನ ಕೈಗೇ ಬರುತ್ತಿರಲಿಲ್ಲ. ಆ ಹಣ 'ಬೇಸಿಕ್ಸ್ ಕಾರ್ಡ್' ಎಂಬ ಹಸಿರು ಕಾರ್ಡಿಗೆ ಜಮೆಯಾಗುತ್ತಿತ್ತು. ಕಾರ್ಡ್ ನಡೆಯುವುದು ಸರ್ಕಾರ ಒಪ್ಪಿದ ಅಂಗಡಿಗಳಲ್ಲಿ ಮಾತ್ರ. ಅದರಲ್ಲಿ ಹೆಂಡ, ತಂಬಾಕು ಕೊಳ್ಳುವಂತಿಲ್ಲ, ಜೂಜಾಡುವಂತಿಲ್ಲ, ನಗದು ತೆಗೆಯುವಂತೆಯೂ ಇಲ್ಲ.

ಈ 6,400 ಡಾಲರನ್ನು ಹೀಗೆ ಕಾಯಲು ದೂರದ ಊರುಗಳಲ್ಲಿ ಸರ್ಕಾರಕ್ಕೆ ತಗಲುತ್ತಿದ್ದ ಆಡಳಿತ ವೆಚ್ಚ ತಲೆಗೆ ವರ್ಷಕ್ಕೆ 6,600ರಿಂದ 7,900 ಡಾಲರ್. ಮೂಗಿಗಿಂತ ಮೂಗುತಿ ಭಾರ.

ಇಷ್ಟು ಖರ್ಚು ಯಾಕೆ ಎಂದು ಕೇಳಿದವರಿಗೆ ಸಿಗುತ್ತಿದ್ದ ಉತ್ತರ ಒಂದೇ: ಮಕ್ಕಳಿಗಾಗಿ. 2007ರ ಜೂನ್‌ನಲ್ಲಿ ರೆಕ್ಸ್ ವೈಲ್ಡ್ ಮತ್ತು ಪ್ಯಾಟ್ ಆಂಡರ್ಸನ್ ಬರೆದ ವರದಿಯೊಂದು ಹೊರಬಂತು. ಟೆರಿಟರಿಯ ಮೂಲನಿವಾಸಿ ಮಕ್ಕಳ ಮೇಲಾಗುತ್ತಿದ್ದ ಲೈಂಗಿಕ ದೌರ್ಜನ್ಯದ ಬಗ್ಗೆ ಅದರಲ್ಲಿ 97 ಶಿಫಾರಸುಗಳಿದ್ದವು. ಮೊದಲನೆಯದೇ, ಏನು ಮಾಡುವುದಿದ್ದರೂ ಆ ಜನರನ್ನು ನಿಜವಾಗಿ ಕೇಳಿ ಮಾಡಿ ಎಂಬುದು. ಒಂದು ವಾರವೂ ಕಳೆದಿರಲಿಲ್ಲ, ಜೂನ್ 21ರಂದು ಪ್ರಧಾನಿ ಜಾನ್ ಹೋವರ್ಡ್ ಮತ್ತು ಸಚಿವ ಮಾಲ್ ಬ್ರಫ್ ಯಾರನ್ನೂ ಕೇಳದೆ ತುರ್ತು ಕ್ರಮ ಘೋಷಿಸಿದರು. ಸೈನಿಕರು ಬಂದರು. 73 ಸಮುದಾಯಗಳನ್ನು ಪಟ್ಟಿ ಮಾಡಿ, ಅಲ್ಲಿನವರ ಭತ್ಯೆಯಲ್ಲಿ ಅರ್ಧ ತಡೆಹಿಡಿಯಲಾಯಿತು. ಊರ ಬಾಗಿಲಲ್ಲಿ ದೊಡ್ಡ ನೀಲಿ ಫಲಕ ನಿಂತಿತು: ಇಲ್ಲಿ ಮದ್ಯ ನಿಷೇಧ, ಅಶ್ಲೀಲ ಸಾಮಗ್ರಿ ನಿಷೇಧ. ಆ ಊರಿನಲ್ಲಿ ಹುಟ್ಟಿ ಒಂದು ದಿನವೂ ಕುಡಿಯದ ಅಜ್ಜಿಯೂ ದಿನಾ ಅದರ ಪಕ್ಕದಲ್ಲೇ ಮನೆಗೆ ಹೋಗಬೇಕಿತ್ತು. ಸರ್ಕಾರದ ಕ್ರಮಕ್ಕೂ ನಮ್ಮ ಶಿಫಾರಸುಗಳಿಗೂ ಸಂಬಂಧವೇ ಇಲ್ಲ ಎಂದು ಆಂಡರ್ಸನ್ ಆಮೇಲೆ ಹೇಳಿದರು.

ಮೊದಲ ವರ್ಷದ ಬಜೆಟ್ 58.7 ಕೋಟಿ ಡಾಲರ್.

ಕಾನೂನಿನ ಕೈಚಳಕವನ್ನೂ ಇಲ್ಲಿ ನೋಡಬೇಕು. ಒಂದು ಜನಾಂಗದ ಭತ್ಯೆಯನ್ನಷ್ಟೇ ತಡೆಹಿಡಿದರೆ ಅದು 1975ರ ಜನಾಂಗೀಯ ತಾರತಮ್ಯ ಕಾಯ್ದೆಗೆ ವಿರುದ್ಧ. ಹಾಗಾಗಿ ಆ ಕಾಯ್ದೆಯನ್ನೇ ಅಲ್ಲಿಗೆ ಅನ್ವಯಿಸದಂತೆ ಬದಿಗಿಟ್ಟರು. ಜೊತೆಗೆ ಇವೆಲ್ಲ ಮೂಲನಿವಾಸಿಗಳ ಹಿತಕ್ಕಾಗಿ ಕೈಗೊಂಡ 'ವಿಶೇಷ ಕ್ರಮಗಳು' ಎಂದು ಕಾಯ್ದೆಯಲ್ಲೇ ಬರೆದರು. ನಮ್ಮಲ್ಲಿ ಮೀಸಲಾತಿಗೆ ಇರುವಂಥ ಕಾನೂನಿನ ಆಸರೆಯನ್ನು ಕೈಯಿಂದ ಹಣ ಕಿತ್ತುಕೊಳ್ಳಲು ಬಳಸಿದ್ದು ಹೀಗೆ. 2010ರ ಕೊನೆಗೆ ಕಾಯ್ದೆ ಮತ್ತೆ ಜಾರಿಗೆ ಬಂತು. ಆಗ ಯೋಜನೆಯನ್ನು ಟೆರಿಟರಿಯ ಎಲ್ಲ ಜನಾಂಗದವರಿಗೂ ವಿಸ್ತರಿಸಿ, ಈಗ ತಾರತಮ್ಯವಿಲ್ಲ ನೋಡಿ ಎಂದರು. ವಿಸ್ತರಿಸಿದ ಮೇಲೂ ಅಲ್ಲಿ ಅದಕ್ಕೆ ಒಳಪಟ್ಟವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಮೂಲನಿವಾಸಿಗಳೇ.

ಇಷ್ಟೆಲ್ಲ ಸುರಿದು ಬಂದದ್ದೇನು? ಸರ್ಕಾರವೇ ನೇಮಿಸಿದ ವಿಶ್ವವಿದ್ಯಾಲಯ ಸಂಶೋಧಕರು 2014ರಲ್ಲಿ ಅಂತಿಮ ವರದಿ ಕೊಟ್ಟರು. ಯೋಜನೆ ತನ್ನ ಗುರಿ ಮುಟ್ಟಿದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಹಲವರು ಸ್ವಾವಲಂಬಿಗಳಾಗುವ ಬದಲು ಸರ್ಕಾರವನ್ನು ಇನ್ನಷ್ಟು ನೆಚ್ಚಿಕೊಂಡಿದ್ದಾರೆ ಎಂಬುದು ಅದರ ಸಾರ. ಮುಂದೆ ಅರ್ಥಶಾಸ್ತ್ರಜ್ಞರ ಇನ್ನೊಂದು ತಂಡ ಟೆರಿಟರಿಯ ಹೆರಿಗೆ ದಾಖಲೆಗಳನ್ನು ತೆಗೆದು ನೋಡಿತು. ಯೋಜನೆ ಜಾರಿಯಾದಾಗ ತಾಯಿಯ ಹೊಟ್ಟೆಯಲ್ಲಿದ್ದ ಮೂಲನಿವಾಸಿ ಕೂಸುಗಳ ತೂಕ ಸರಾಸರಿ 85 ಗ್ರಾಂನಷ್ಟು ಕಡಿಮೆಯಾಗಿತ್ತು. ಮಕ್ಕಳ ಹೆಸರಿನಲ್ಲಿ ಶುರುವಾದ ಯೋಜನೆಯ ಲೆಕ್ಕ ಕೊನೆಗೆ ಸಿಕ್ಕಿದ್ದು ತಕ್ಕಡಿಯಲ್ಲಿ.

ಹಣವನ್ನು 'ನಿಮ್ಮ ಒಳ್ಳೆಯದಕ್ಕೇ' ಎಂದು ಹಿಡಿದಿಟ್ಟುಕೊಳ್ಳುವುದು ಅಲ್ಲಿ 2007ರ ಹೊಸ ಶೋಧವೇನಲ್ಲ. ಕ್ವೀನ್ಸ್‌ಲ್ಯಾಂಡ್ 1897ರಲ್ಲೇ ಮೂಲನಿವಾಸಿಗಳ 'ರಕ್ಷಣೆ'ಗೆ ಕಾಯ್ದೆ ಮಾಡಿತ್ತು. ಅದರ ನೆರಳಿನಲ್ಲಿ ದನದ ಫಾರ್ಮುಗಳಲ್ಲಿ, ಮನೆಗೆಲಸಗಳಲ್ಲಿ ದುಡಿದವರ ಕೂಲಿಯನ್ನು ದಶಕಗಳ ಕಾಲ ಸರ್ಕಾರವೇ ಪಡೆದು, ತನ್ನ ಖಾತೆಯಲ್ಲಿ ಇಟ್ಟುಕೊಂಡಿತು. ಬಹಳಷ್ಟು ಹಣ ದುಡಿದವರಿಗೆ ಮರಳಿ ಬರಲೇ ಇಲ್ಲ. ಇದರ ಮೇಲೆ ಹೂಡಿದ ಮೊಕದ್ದಮೆ 2019ರಲ್ಲಿ 19 ಕೋಟಿ ಡಾಲರಿಗೆ ರಾಜಿಯಾಯಿತು. ಹಕ್ಕುದಾರರು 10,000ಕ್ಕೂ ಹೆಚ್ಚು. ವಕೀಲರ ಖರ್ಚನ್ನು ಕಳೆಯದೆ ಹಂಚಿದರೂ ಒಬ್ಬರ ಪಾಲಿಗೆ ಸರಾಸರಿ 19,000 ಡಾಲರ್ ಬಾರದು, ಒಂದು ಜೀವಮಾನದ ದುಡಿಮೆಗೆ.

ಒಳ್ಳೆಯ ಕಾರಣ, ದುಬಾರಿ ಕಾವಲು: ದೋಣಿಯಲ್ಲಿ ಆಸ್ಟ್ರೇಲಿಯಾಕ್ಕೆ ಬಂದವರ ಲೆಕ್ಕವೂ ಇದೇ. 2001ರ ಅಕ್ಟೋಬರ್ 7ರಂದು ಆಶ್ರಯ ಕೋರಿ ಬರುತ್ತಿದ್ದ ಜನ ತಮ್ಮ ಮಕ್ಕಳನ್ನೇ ಸಮುದ್ರಕ್ಕೆ ಎಸೆದರು ಎಂದು ಸಚಿವರು ಹೇಳಿದರು. ಸಾಕ್ಷಿಗೆಂದು ಹೊರಬಿಟ್ಟ ಫೋಟೋಗಳು ಮಾರನೆಯ ದಿನ ದೋಣಿ ಮುಳುಗುವಾಗ ತೆಗೆದವು. ನವೆಂಬರ್ 10ಕ್ಕೆ ಚುನಾವಣೆ, ಸರ್ಕಾರ ಗೆದ್ದಿತು. ಯಾವ ಮಗುವನ್ನೂ ಯಾರೂ ಎಸೆದಿರಲಿಲ್ಲ ಎಂದು ಸೆನೆಟ್ ಸಮಿತಿ ತೀರ್ಮಾನ ಕೊಟ್ಟದ್ದು 2002ರಲ್ಲಿ.

ಹತ್ತು ವರ್ಷದ ಮೇಲೆ ಕಾರಣ ಬದಲಾಯಿತು. ಈಗ ದೋಣಿಯವರು ಕ್ರೂರಿಗಳಲ್ಲ, ಮುಳುಗಿ ಸಾಯುವವರು. ಸುಳ್ಳೇನಲ್ಲ: 2008ರಿಂದ 2013ರ ನಡುವೆ ಸುಮಾರು 1,200 ಮಂದಿ ಸಮುದ್ರದಲ್ಲಿ ಸತ್ತರು. ಅವರನ್ನು ಉಳಿಸಲೆಂದೇ ಬಂದವರನ್ನು ನೌರು ದ್ವೀಪಕ್ಕೆ, ಪಪುವಾ ನ್ಯೂಗಿನಿಯ ಮಾನಸ್‌ಗೆ ಸಾಗಿಸುತ್ತೇವೆ ಎಂದರು. ಆದರೆ ಈ ಸಾಗಣೆ ಮತ್ತೆ ಶುರುವಾದದ್ದು 2012ರ ಸೆಪ್ಟೆಂಬರ್‌ನಲ್ಲಿ. ಆ ವರ್ಷ ದೋಣಿಯಲ್ಲಿ ಬಂದವರು 17,000ದಷ್ಟು, ಮರುವರ್ಷ 20,000ಕ್ಕೂ ಹೆಚ್ಚು. ದೋಣಿಗಳು ನಿಂತದ್ದು 2013ರ ಸೆಪ್ಟೆಂಬರಿನ ನಂತರ ನೌಕಾಪಡೆ ಅವನ್ನು ನಡುನೀರಿನಿಂದಲೇ ಹಿಂದಕ್ಕೆ ಅಟ್ಟತೊಡಗಿದ ಮೇಲೆ. ಹಾಗಿದ್ದರೂ ದ್ವೀಪದ ಶಿಬಿರಗಳು ವರ್ಷಗಟ್ಟಲೆ ಮುಂದುವರಿದವು.

ಬೆಲೆ ಎಷ್ಟು? ಸರ್ಕಾರದ್ದೇ ಆಯೋಗವೊಂದು 2014ರಲ್ಲಿ ತಲೆವಾರು ವಾರ್ಷಿಕ ವೆಚ್ಚ ಕೊಟ್ಟಿದೆ. ದ್ವೀಪದಲ್ಲಿಟ್ಟರೆ 4,00,000 ಡಾಲರಿಗೂ ಹೆಚ್ಚು. ದೇಶದೊಳಗಿನ ಬಂಧನ ಕೇಂದ್ರದಲ್ಲಾದರೆ 2,39,000. ತಾತ್ಕಾಲಿಕ ವೀಸಾ ಕೊಟ್ಟು ಊರಲ್ಲಿ ಬಾಳಲು ಬಿಟ್ಟರೆ ಸುಮಾರು 40,000. ಹತ್ತು ಪಟ್ಟು ವ್ಯತ್ಯಾಸ. 2017ರ ಜನವರಿಯಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧಕರು ದ್ವೀಪದ ವೆಚ್ಚವನ್ನು 5,73,111 ಡಾಲರಿಗೆ ಏರಿಸಿದರು. ದಿನಕ್ಕೆ 1,570 ಡಾಲರ್; ಆಗಿನ ದರದಲ್ಲಿ 75,000 ರೂಪಾಯಿಗೂ ಮೇಲು. ಅಷ್ಟು ಬಾಡಿಗೆಗೆ ನೌರುವಿನಲ್ಲಿ ಸಂಸಾರಗಳು ಬದುಕಿದ್ದು ಬೂಷ್ಟು ಹಿಡಿದ ಟೆಂಟುಗಳಲ್ಲಿ.

ಲೆಕ್ಕಪರಿಶೋಧಕರಿಗೆ ಸಿಕ್ಕಿದ್ದು ಅದಷ್ಟೇ ಅಲ್ಲ. ಸುಮಾರು ಮೂರೂವರೆ ವರ್ಷಗಳಲ್ಲಿ ಗುತ್ತಿಗೆದಾರರಿಗೆ ಪಾವತಿಯಾದ ಸುಮಾರು 230 ಕೋಟಿ ಡಾಲರಿನಲ್ಲಿ 110 ಕೋಟಿಗೆ ಸಹಿ ಹಾಕಿದವರಿಗೆ ಆ ಅಧಿಕಾರವೇ ಇರಲಿಲ್ಲ. ಇನ್ನೊಂದು 110 ಕೋಟಿಗೆ ಯಾರು ಮಂಜೂರಾತಿ ಕೊಟ್ಟರು ಎಂಬ ದಾಖಲೆ ಇಲಾಖೆಯಲ್ಲಿಲ್ಲ. ಬಡವನ ಬ್ರೆಡ್ಡು ಬೆಣ್ಣೆಗೆ ಕಾರ್ಡು ಕೊಟ್ಟು ಪೈಸೆ ಪೈಸೆ ಕಾಯುವ ಸರ್ಕಾರವೂ ಇದೇ. ಮಾನಸ್‌ನ ಬಂಧನ ಅಕ್ರಮ ಎಂದು 2016ರಲ್ಲಿ ಪಪುವಾ ನ್ಯೂಗಿನಿಯ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ಅಲ್ಲಿದ್ದ 1,905 ಮಂದಿಗೆ ಆಸ್ಟ್ರೇಲಿಯಾ 7 ಕೋಟಿ ಡಾಲರ್ ಪರಿಹಾರ ಒಪ್ಪಿಕೊಂಡಿತು, ತಪ್ಪು ಒಪ್ಪಲಿಲ್ಲ.

ಈ ಲೆಕ್ಕದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹೇಳುವ ಅಂಕಿ ಒಂದು ಚಿಕ್ಕದು: 150. ವರ್ಷಕ್ಕೆ ಅಷ್ಟು ಜನ ನಿರಾಶ್ರಿತರನ್ನು ನಾವು ಕರೆದುಕೊಳ್ಳುತ್ತೇವೆ ಎಂದು ನ್ಯೂಜಿಲೆಂಡ್ 2013ರಲ್ಲೇ ಹೇಳಿತ್ತು. ಆಸ್ಟ್ರೇಲಿಯಾ ಅದನ್ನು ಒಪ್ಪಿದ್ದು 2022ರ ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ಬೇಡ ಎನ್ನಲು ಕೊಟ್ಟ ಕಾರಣ, ಅಷ್ಟು ಒಳ್ಳೆಯ ಜಾಗ ಸಿಕ್ಕರೆ ಇನ್ನಷ್ಟು ಜನ ದೋಣಿ ಹತ್ತಿಯಾರು ಎಂಬುದು. ದ್ವೀಪದಲ್ಲಿ ಸಿಕ್ಕಿಕೊಂಡವನ ಕಷ್ಟ ಮುಂದೆ ಬರಬಹುದಾದವನಿಗೆ ಪಾಠವಾಗಬೇಕಿತ್ತು. ಆ ಪಾಠಕ್ಕೆ ದಿನಕ್ಕೆ 1,570 ಡಾಲರ್ ಕೊಡಲು ಸರ್ಕಾರ ತಯಾರಿತ್ತು. ಹೀಗೆ ದ್ವೀಪಕ್ಕೆ ಹೋದವರಲ್ಲಿ ಬಹುಪಾಲು ಜನ ನಿಜವಾದ ನಿರಾಶ್ರಿತರೆಂದೇ ಆಮೇಲೆ ವಿಚಾರಣೆಯಲ್ಲಿ ಸಾಬೀತಾಯಿತು.

ಈಗಿನ ಕಾರಣ ಜನರ ಸುರಕ್ಷತೆ. ಕಳುಹಿಸಲು ದೇಶವೇ ಇಲ್ಲದವರನ್ನು ಅನಿರ್ದಿಷ್ಟ ಕಾಲ ಕೂಡಿಡುವಂತಿಲ್ಲ ಎಂದು ಆಸ್ಟ್ರೇಲಿಯಾದ ಹೈಕೋರ್ಟ್ 2023ರ ನವೆಂಬರಿನಲ್ಲಿ ತೀರ್ಪು ಕೊಟ್ಟಿತು. ಹಾಗೆ ಹೊರಬಂದವರು ಸುಮಾರು 350 ಮಂದಿ. ಇವರಲ್ಲಿ ಗಂಭೀರ ಅಪರಾಧಗಳಿಗೆ ಶಿಕ್ಷೆ ಅನುಭವಿಸಿ ಮುಗಿಸಿದವರೂ ಇದ್ದಾರೆ. ಇವರನ್ನು ಕಳಿಸಿಕೊಡಲು 2025ರ ಆಗಸ್ಟ್‌ನಲ್ಲಿ ನೌರು ಜೊತೆ ಒಪ್ಪಂದವಾಯಿತು: ಮೊದಲಿಗೆ 40.8 ಕೋಟಿ ಡಾಲರ್, ಆಮೇಲೆ ವರ್ಷಕ್ಕೆ ಸುಮಾರು 7 ಕೋಟಿ, 30 ವರ್ಷಕ್ಕೆ 250 ಕೋಟಿಯವರೆಗೆ. 350 ಜನರೂ ಹೋದರೆಂದೇ ಇಟ್ಟುಕೊಂಡರೆ ತಲೆಗೆ 71 ಲಕ್ಷ ಡಾಲರ್. 2014ರ ಆಯೋಗದ ದರದಲ್ಲಿ ಒಬ್ಬರನ್ನು 30 ವರ್ಷ ಊರಲ್ಲೇ ಬಾಳಲು ಬಿಟ್ಟಿದ್ದರೆ 12 ಲಕ್ಷ.