ಮನೆಯಲ್ಲೇ ಜೋಡಿಸಿದ ಗಣಕ: ಬದಲಿಸುವುದೋ, ಬಾಳಿಸುವುದೋ?

ಜತ್ತ ತಾಲೂಕಿನ ವಳಸಂಗದಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಹೆಸರು ಬೇಡ, ಇಂಥ ಮನೆಗಳು ಗಡಿಭಾಗದಲ್ಲಿ ಒಂದೆರಡಲ್ಲ. 2017ರ ಬೇಸಿಗೆಯಲ್ಲಿ ಹಿರಿಯ ಮಗ ಪುಣೆಯಿಂದ ಬಿಡಿಭಾಗಗಳನ್ನು ತಂದು, ನಡುಮನೆಯಲ್ಲಿ ಚಾಪೆ ಹಾಸಿ, ಒಂದೇ ಒಂದು ಸ್ಕ್ರೂಡ್ರೈವರಿನಿಂದ ಗಣಕವನ್ನು ಜೋಡಿಸಿದ. ಅದು ಹೊತ್ತಿಕೊಂಡ ಸಂಜೆ ಅಕ್ಕಪಕ್ಕದ ಹುಡುಗರೆಲ್ಲ ನೆರೆದಿದ್ದರು. ಈಗ ಅವನು ನೌಕರಿಗಾಗಿ ಊರು ಬಿಟ್ಟಿದ್ದಾನೆ. ಗಣಕ ತಮ್ಮನ ಕೈಗೆ ಬಂದಿದೆ. ಹತ್ತನೆಯ ತರಗತಿಯ ತಂಗಿಯೂ ಅದರ ಮುಂದೆಯೇ ಕುಳಿತು ಓದುತ್ತಾಳೆ.

ತಮ್ಮನ ದೂರು ಒಂದೇ: "ಅಪ್ಪಾ, ಗೇಮ್ ನಡುವ ನಿಂತು ನಿಂತು ಹೋಗತೈತಿ. ಹೊಸಾದ ಮಾಡಸೂಣು." ಒಣದ್ರಾಕ್ಷಿಯ ಹಣ ಕೈಗೆ ಬಂದ ಹೊತ್ತು. ಅಪ್ಪನ ಉತ್ತರವೂ ಒಂದೇ: "ಏನ್ ಕೆಟ್ಟೈತಿ ಅನ್ನೂದ ಮೊದಲ ಹೇಳಪಾ, ಆಮ್ಯಾಲ ರೊಕ್ಕದ ಮಾತು."

ಗಣಕದ ಗಂಧವಿಲ್ಲದ ಅಪ್ಪ ಕೇಳಿದ ಈ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಮನೆಯಲ್ಲಿ ಜೋಡಿಸಿದ ಗಣಕವೆಂದರೆ ಒಂದು ವಸ್ತುವಲ್ಲ, ಏಳೆಂಟು ವಸ್ತುಗಳ ಕೂಟ. ಎಲ್ಲವೂ ಒಟ್ಟಿಗೆ ಮುಪ್ಪಾಗುವುದಿಲ್ಲ. ಯಾವುದೋ ಒಂದು ಉಳಿದವನ್ನು ಹಿಂದಕ್ಕೆ ಜಗ್ಗುತ್ತಿರುತ್ತದೆ. ಅದನ್ನು ಕಂಡುಹಿಡಿಯದೆ ಖರ್ಚು ಮಾಡಿದರೆ ಹಣ ಹೋಗುತ್ತದೆ, ದೂರು ಉಳಿಯುತ್ತದೆ.

ಕಂಡುಹಿಡಿಯುವುದು ಕಷ್ಟವಲ್ಲ. ಆಟ ನಡೆಯುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಡಿಸ್ಕಿನ ಸಾಲು ನೂರಕ್ಕೆ ನೂರು ತೋರಿಸುತ್ತಿದ್ದರೆ ದೋಷ ಬಹುಶಃ ಹಳೆಯ ಹಾರ್ಡ್ ಡಿಸ್ಕಿನದು. ಮೆಮೊರಿಯ ಸಾಲು ತುಂಬಿ ತುಳುಕುತ್ತಿದ್ದರೆ ರ‍್ಯಾಮ್ ಸಾಲದು. ಇವೆರಡೂ ಅಲ್ಲವೆಂದಾದರೆ ಆಟದ ಚಿತ್ರಗುಣಮಟ್ಟವನ್ನು ಕೆಳಗಿಳಿಸಿ ನೋಡಬೇಕು. ಆಗ ಓಟ ಚುರುಕಾದರೆ ಭಾರ ಗ್ರಾಫಿಕ್ಸ್ ಕಾರ್ಡಿನ ಮೇಲಿದೆ. ಏನೂ ವ್ಯತ್ಯಾಸವಾಗದಿದ್ದರೆ ಪ್ರೊಸೆಸರಿನ ಮೇಲಿದೆ. ಅಂಗಡಿಯವನು ಹೇಳುವ ಮೊದಲೇ ಮನೆಯವರಿಗೆ ತಿಳಿದಿರಬೇಕಾದದ್ದು ಇಷ್ಟೇ.

ಇನ್ನೊಂದು ಶತ್ರು ಟಾಸ್ಕ್ ಮ್ಯಾನೇಜರಿನಲ್ಲಿ ನೇರವಾಗಿ ಕಾಣಿಸುವುದಿಲ್ಲ. ಅದು ಜತ್ತದ ಧೂಳು ಮತ್ತು ಬಿಸಿಲು. ಪ್ರೊಸೆಸರಿಗೂ ಅದನ್ನು ತಂಪಾಗಿಡುವ ಲೋಹದ ಬಿಲ್ಲೆಗೂ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಎಂಟು ವರ್ಷಗಳಲ್ಲಿ ಒಣಗಿ ಹೋಗಿರುತ್ತದೆ. ಫ್ಯಾನಿನ ರೆಕ್ಕೆಗಳ ಹಿಂದೆ ಧೂಳು ಹತ್ತಿಯಂತೆ ಮೆತ್ತಿಕೊಂಡಿರುತ್ತದೆ. ಮಿತಿಮೀರಿ ಬಿಸಿಯಾದ ಪ್ರೊಸೆಸರ್ ಸುಟ್ಟುಹೋಗುವುದಿಲ್ಲ, ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. "ನಿಂತು ನಿಂತು ಹೋಗತೈತಿ" ಎಂಬ ದೂರಿಗೆ, ಅದರಲ್ಲೂ ಏಪ್ರಿಲ್-ಮೇ ತಿಂಗಳಲ್ಲಿ, ಹಲವು ಸಲ ಇದೇ ಕಾರಣ. ಪರಿಹಾರಕ್ಕೆ ಕೆಲವು ನೂರು ರೂಪಾಯಿಯ ಪೇಸ್ಟು, ಮೆತ್ತನೆಯ ಬ್ರಶ್ಶು, ಅರ್ಧ ದಿನದ ಬಿಡುವು ಸಾಕು. ಗಾಳಿ ಊದುವಾಗ ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿಯಬೇಕು. ದ್ರಾಕ್ಷಿ ತೋಟದ ಬ್ಲೋವರ್ ಈ ಕೆಲಸಕ್ಕಲ್ಲ ಎಂದು ಹೇಳುವುದು ನಗೆಯ ಮಾತೆನಿಸಬಹುದು, ಆದರೆ ಉತ್ಸಾಹಿ ಹುಡುಗರಿರುವ ಮನೆಯಲ್ಲಿ ಹೇಳಿಬಿಡುವುದೇ ಲೇಸು.

ಇನ್ನು ಆ ಗಣಕದ ಒಳಗೇನಿದೆ ಎಂಬುದು. ಆ ಕಾಲದ ಮಧ್ಯಮ ದರ್ಜೆಯ ಜೋಡಣೆಯಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು ಇಂಟೆಲ್‌ನ ಏಳನೆಯ ತಲೆಮಾರಿನ ಕೋರ್ ಐ5-7400, 8 ಜಿಬಿ ರ‍್ಯಾಮಿನ ಒಂದೇ ಪಟ್ಟಿ, 1 ಟಿಬಿ ಹಾರ್ಡ್ ಡಿಸ್ಕ್, ಎನ್‌ವಿಡಿಯಾದ ಜಿಟಿಎಕ್ಸ್ 1050 ಟಿಐ ಕಾರ್ಡು. ಅಂದಿಗೆ ಸೊಗಸಾದ ಆಯ್ಕೆ. ಆದರೆ ಆ ಅಣ್ಣನಿಗೆ ಗೊತ್ತಿರದ ಒಂದು ಸಂಗತಿ ಅದೇ ವರ್ಷ ನಡೆಯಿತು. 2017ರ ಅಕ್ಟೋಬರಿನಲ್ಲಿ ಇಂಟೆಲ್ ಎಂಟನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳನ್ನು ಹೊರತಂದಿತು. ಕೂರುವ ಪೀಠಕ್ಕೆ ಹೆಸರು ಅದೇ 1151, ಸಂಪರ್ಕ ಬಿಂದುಗಳ ಎಣಿಕೆಯೂ ಅದೇ. ಆದರೂ ಹಳೆಯ ಮದರ್‌ಬೋರ್ಡಿನಲ್ಲಿ ಹೊಸ ಪ್ರೊಸೆಸರಿಗೆ ಕಂಪನಿ ಅವಕಾಶ ಕೊಡಲಿಲ್ಲ. ಇದಕ್ಕೆ ವಿರುದ್ಧವಾಗಿ, ಅದೇ ವರ್ಷ ಎಎಂಡಿಯ ರೈಜೆನ್ ಕೊಂಡವರ ಎಎಂ4 ಬೋರ್ಡುಗಳಿಗೆ 2022ರಲ್ಲಿ ಹೊಸ ರೈಜೆನ್ 5000 ಸರಣಿಯ ದಾರಿಯೂ ತೆರೆಯಿತು. ಬೋರ್ಡು ತಯಾರಕರು ಬಯಾಸ್ ನವೀಕರಣ ಕೊಟ್ಟಿದ್ದರೆ ಅಂಥವರು ಪ್ರೊಸೆಸರೊಂದನ್ನೇ ಬದಲಿಸಿ ಇನ್ನೂ ಕೆಲವು ವರ್ಷ ಹಾಯಾಗಿರಬಹುದು. ಇದು ಜಾಣತನದ ಮಾತಲ್ಲ, ಅದೃಷ್ಟದ ಮಾತು, ಅಣ್ಣನನ್ನು ದೂರಲಾಗದು.

ಈ ವ್ಯತ್ಯಾಸ 2025ರ ಅಕ್ಟೋಬರ್ 14ರಂದು ದೊಡ್ಡದಾಗಿ ಕಾಣಿಸಿಕೊಂಡಿತು. ಮೈಕ್ರೋಸಾಫ್ಟ್ ಅಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಇಂಟೆಲ್ ಗಣಕಗಳ ಮಟ್ಟಿಗೆ ವಿಂಡೋಸ್ 11 ಅಧಿಕೃತವಾಗಿ ಕೇಳುವುದು, ಕೆಲವೇ ಅಪವಾದಗಳನ್ನು ಬಿಟ್ಟರೆ, ಎಂಟನೆಯ ತಲೆಮಾರು ಅಥವಾ ಅನಂತರದ ಪ್ರೊಸೆಸರನ್ನು. ಐ5-7400 ಆ ಪಟ್ಟಿಯಲ್ಲಿಲ್ಲ. ಅದೇ ಬೋರ್ಡಿನಲ್ಲಿ ಕೂರಬಲ್ಲ ಹೆಚ್ಚು ಶಕ್ತಿಯ ಐ7-7700 ಕೂಡ ಇಲ್ಲ. ಹೀಗಾಗಿ "ಪ್ರೊಸೆಸರ್ ಅಷ್ಟ ಬದಲಿ ಮಾಡಿದ್ರ ಸಾಕು" ಎಂಬ ಸಲಹೆ ಈ ಗಣಕಕ್ಕೆ ಒಗ್ಗುವುದಿಲ್ಲ. ಅಡ್ಡದಾರಿಯಿಂದ ವಿಂಡೋಸ್ 11 ಹಾಕಿಕೊಡುವವರು ಸಿಗುತ್ತಾರೆ. ಆದರೆ ಅಂಥ ಗಣಕಕ್ಕೆ ನವೀಕರಣ ಬಂದೇ ಬರುತ್ತದೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಟ್ಟಿಲ್ಲ. ವಿಂಡೋಸ್ 10ರಲ್ಲೇ ಉಳಿಯುವವರಿಗೆ ವಿಸ್ತರಿತ ಭದ್ರತಾ ನವೀಕರಣವೆಂಬ ವ್ಯವಸ್ಥೆ ಇದೆ. ಮೈಕ್ರೋಸಾಫ್ಟ್ ಖಾತೆಯಿಂದ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರ ವರೆಗೆ ರಕ್ಷಣೆ ಸಿಗುತ್ತದೆ.

ಆಟಕ್ಕಷ್ಟೇ ಬಳಸುವ ಗಣಕವಾಗಿದ್ದರೆ ಭದ್ರತೆಯ ಮಾತು ಇಷ್ಟು ಭಾರವಾಗುತ್ತಿರಲಿಲ್ಲ. ಆದರೆ ಹಳ್ಳಿಯ ಮನೆಯಲ್ಲಿ ಗೇಮಿಂಗ್ ಗಣಕವೇ ಮನೆಯ ಕಚೇರಿಯೂ ಹೌದು. ಅಪ್ಪ ಸಾತಬಾರಾ ಉತಾರೆ ತೆಗೆಯುವುದು ಅದರಲ್ಲಿ, ಮಹಾಡಿಬಿಟಿಯಲ್ಲಿ ಅರ್ಜಿ ತುಂಬುವುದು ಅದರಲ್ಲಿ, ಅವ್ವನ ಬ್ಯಾಂಕ್ ಖಾತೆ ನೋಡುವುದೂ ಅದರಲ್ಲೇ. ಭದ್ರತಾ ನವೀಕರಣ ನಿಂತ ಯಂತ್ರದಲ್ಲಿ ಈ ಕೆಲಸಗಳನ್ನು ಮಾಡುವುದೆಂದರೆ ಅಗುಳಿಯಿಲ್ಲದ ಬಾಗಿಲ ಹಿಂದೆ ಕಣಜ ತುಂಬಿಟ್ಟಂತೆ.

ತಂಗಿಯ ಪಾಲು ಇದಕ್ಕಿಂತ ಚಿಕ್ಕದಲ್ಲ. ಬಾಲಭಾರತಿಯ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳು ಪಿಡಿಎಫ್ ರೂಪದಲ್ಲಿ ದೊರೆಯುತ್ತವೆ. ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಒತ್ತಕ್ಷರಗಳನ್ನು ಹಿಗ್ಗಿಸಿ ಕುಗ್ಗಿಸಿ ಓದುವುದಕ್ಕೂ ಗಣಕದ ಪರದೆಯಲ್ಲಿ ಇಡೀ ಪುಟವನ್ನು ಕಣ್ತುಂಬ ನೋಡುವುದಕ್ಕೂ ಬಹಳ ಅಂತರವಿದೆ. ಈ ಬಳಕೆಗೆ ಐ5-7400 ಇಂದಿಗೂ ಧಾರಾಳ ಸಾಕು. ಅಂದರೆ ಈ ಯಂತ್ರ ತಮ್ಮನಿಗೆ ಹಳೆಯದು, ತಂಗಿಗೆ ಹಳೆಯದಲ್ಲ.

ತಮ್ಮನ ವಾದವನ್ನೂ ನ್ಯಾಯವಾಗಿ ಕೇಳಬೇಕು. 2016ರಲ್ಲಿ ಬಂದ 1050 ಟಿಐ ಕಾರ್ಡಿನಲ್ಲಿ ಬೆಳಕಿನ ಕಿರಣಗಳನ್ನು ಲೆಕ್ಕಹಾಕುವ ರೇ ಟ್ರೇಸಿಂಗ್ ಯಂತ್ರಾಂಗವಿಲ್ಲ. 2025ರ 'ಡೂಮ್: ದಿ ಡಾರ್ಕ್ ಏಜಸ್'ನಂಥ ಆಟಗಳಿಗೆ ಅದು ಕಡ್ಡಾಯ. ಆ ಕಾರ್ಡಿನ ಪೀಳಿಗೆಗೆ ಹೊಸ ಆಟಗಳಿಗೆ ಹೊಂದಿಸಿದ ಡ್ರೈವರುಗಳನ್ನು ಎನ್‌ವಿಡಿಯಾ 2025ರ ಅಕ್ಟೋಬರಿನೊಂದಿಗೆ ಮುಗಿಸಿದೆ. ಭದ್ರತಾ ನವೀಕರಣಗಳು ಮಾತ್ರ 2028ರ ಅಕ್ಟೋಬರಿನ ವರೆಗೆ ಬರಲಿವೆ. ಆದರೆ ಹುಡುಗ ನಿಜವಾಗಿ ಆಡುವುದು ಯಾವುದನ್ನು? ಜಿಟಿಎ 5, ಮೈನ್‌ಕ್ರಾಫ್ಟ್, ವ್ಯಾಲೊರಂಟ್ ಎಂದಾದರೆ ಹಳೆಯ ಕಾರ್ಡು ಇನ್ನೂ ಕೈಬಿಟ್ಟಿಲ್ಲ. ಜಿಟಿಎ 6 ಬರುತ್ತದೆಂದು ಈಗಲೇ ಗಣಕ ಬದಲಿಸಹೊರಟವರಿಗೊಂದು ಮಾತು: ಅದು ಮೊದಲು ಘೋಷಣೆಯಾದದ್ದು ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್‌ಗಳಿಗೆ, ಗಣಕಕ್ಕಲ್ಲ. ಬಾರದ ಮಳೆಗೆ ಬೀಜ ಚೆಲ್ಲುವ ಅವಸರವೇಕೆ?

ಎಲ್ಲವನ್ನೂ ಹೊಸದಾಗಿ ಕೊಳ್ಳಲು ಕಾಲವೂ ಪ್ರತಿಕೂಲವಾಗಿದೆ. ಹೊಸ ಎಎಂ5 ಬೋರ್ಡುಗಳಿಗೆ ಡಿಡಿಆರ್5 ರ‍್ಯಾಮ್ ಬೇಕು; ಹಳೆಯ ಡಿಡಿಆರ್4 ಪಟ್ಟಿ ಅಲ್ಲಿ ಕೂರುವುದಿಲ್ಲ. ಆ ರ‍್ಯಾಮಿನ ಬೆಲೆಯೋ 2025ರ ಕೊನೆಯ ತಿಂಗಳುಗಳಿಂದ ಜಗತ್ತಿನಾದ್ಯಂತ ಏರಿದೆ. ಕಾರಣ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಹಸಿವು. ಜಗತ್ತಿನ ಮೆಮೊರಿ ಚಿಪ್ಪುಗಳ ಬಹುಪಾಲನ್ನು ತಯಾರಿಸುವವು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಸಂಸ್ಥೆಗಳು; ಅವುಗಳ ಕಣ್ಣು ದೊಡ್ಡ ಗಿರಾಕಿಗಳ ಕಡೆ ಹೊರಳಿದೆ. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ 'ಕ್ರೂಶಿಯಲ್' ಹೆಸರಿನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಸಾರಿತು. ಗಣಕದ ಭಾಗಗಳು ವರ್ಷ ಕಳೆದಂತೆ ಅಗ್ಗವಾಗುತ್ತವೆ ಎಂಬ ರೂಢಿಯ ನಂಬಿಕೆ ಸದ್ಯಕ್ಕೆ ತಲೆಕೆಳಗಾಗಿದೆ. ಈ ಹೊತ್ತಿನಲ್ಲಿ ಕೈಯಲ್ಲಿರುವ ಹಳೆಯ 8 ಜಿಬಿ ಪಟ್ಟಿಯನ್ನು ಕಸಕ್ಕೆ ಹಾಕುವುದು ಅವಿವೇಕ. ಯಾರಾದರೂ ಕಳಚಿಟ್ಟ ಗಣಕದಿಂದ ಅಂಥದೇ ಇನ್ನೊಂದು ಪಟ್ಟಿ ದೊರೆತರೆ ಜೋಡಿಯಾಗಿ ಹಾಕಬಹುದು. ಎರಡು ಪಟ್ಟಿಗಳಿದ್ದಾಗ ಪ್ರೊಸೆಸರ್ ಎರಡೂ ದಾರಿಗಳಿಂದ ಒಮ್ಮೆಗೇ ದತ್ತಾಂಶ ಸೆಳೆಯುತ್ತದೆ.

ಖರ್ಚು ಮಾಡಲೇಬೇಕಾದದ್ದು ಒಂದಿದ್ದರೆ ಅದು ಎಸ್‌ಎಸ್‌ಡಿ. ಅದರ ಬೆಲೆಯೂ ಏರಿಳಿಯುತ್ತಿದೆ, ನಿಜ. ಆದರೆ ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿನಿಂದ ಅದಕ್ಕೆ ಬದಲಾದಾಗ ಹಳೆಯ ಗಣಕದಲ್ಲಿ ಆಗುವಷ್ಟು ವ್ಯತ್ಯಾಸ ಬೇರೆ ಯಾವ ಬದಲಾವಣೆಯಿಂದಲೂ ಆಗದು, ಮತ್ತು ನಾಳೆ ಹೊಸ ಗಣಕ ಕೊಂಡರೂ ಅದನ್ನು ಕಿತ್ತು ಅಲ್ಲಿಗೆ ಹಾಕಿಕೊಳ್ಳಬಹುದು. ಎರಡನೆಯದು ಯುಪಿಎಸ್. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದಾಗ ದೀಪ ಮಂಕಾಗುವ ಊರಿನಲ್ಲಿ ಗ್ರಾಫಿಕ್ಸ್ ಕಾರ್ಡಿಗಿಂತ ಮೊದಲು ವಿದ್ಯುತ್ತಿನ ಚಿಂತೆ ಮಾಡಬೇಕು. ಎಂಟು ವರ್ಷ ದುಡಿದ ಎಸ್‌ಎಂಪಿಎಸ್ ಮೇಲೆ ದೊಡ್ಡ ಕಾರ್ಡನ್ನು ಹೇರುವುದಂತೂ ಬೇಡ. 1050 ಟಿಐ ಗರಿಷ್ಠ 75 ವ್ಯಾಟ್ ಬಳಸುವ ಮಿತಾಹಾರಿ. ಹೊಸವುಗಳಲ್ಲಿ ಬಹಳಷ್ಟಕ್ಕೆ ಅದರ ಎರಡು ಪಟ್ಟಾದರೂ ಬೇಕು.

ವಿಂಡೋಸಿನ ಗಡುವು ದಾಟಿದ ಮೇಲೆ ಏನು ಎಂಬುದಕ್ಕೆ ಉತ್ತರ ಇನ್ನೊಂದು ಗಡಿನಾಡಿನಲ್ಲಿದೆ. ಕೇರಳದ ಸರ್ಕಾರಿ ಶಾಲೆಗಳು ಕೈಟ್ ಸಂಸ್ಥೆ ರೂಪಿಸಿದ ಗ್ನೂ/ಲಿನಕ್ಸನ್ನು ಬಳಸುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಗಣಕ ಕಲಿಯುವುದು ಅದರಲ್ಲೇ. ಲಿನಕ್ಸ್ ಉಚಿತ, ಹಳೆಯ ಯಂತ್ರದಲ್ಲೂ ಓಡುತ್ತದೆ, ಭದ್ರತಾ ನವೀಕರಣ ಪಡೆಯುತ್ತದೆ, ಕನ್ನಡವನ್ನು ಚೆನ್ನಾಗಿ ತೋರಿಸುತ್ತದೆ. ಸ್ಟೀಮ್‌ನ ಪ್ರೋಟಾನ್ ಮೂಲಕ ವಿಂಡೋಸಿನ ಅನೇಕ ಆಟಗಳೂ ನಡೆಯುತ್ತವೆ. ವ್ಯಾಲೊರಂಟ್ ಮಾತ್ರ ನಡೆಯದು. ಅಲ್ಲಿಗೆ ತಮ್ಮನ ಮುಖ ಬಾಡುವುದು ಖಂಡಿತ.

ಡಿಸ್ಕ್ ಬದಲಿಸುವ ಮೊದಲು ಕನ್ನಡದ ಮನೆಗಳು ಮರೆಯಬಾರದ ಕೆಲಸವೊಂದಿದೆ. ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿ ಯೂನಿಕೋಡ್ ಅಲ್ಲದ ರೀತಿಯಲ್ಲಿ ಟೈಪು ಮಾಡಿದ ಕಡತಗಳು ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಅಜ್ಜನ ಭಜನೆಯ ಸಂಗ್ರಹವೋ, ಶಾಲೆಯ ಸ್ನೇಹ ಸಮ್ಮೇಳನದ ಭಾಷಣವೋ ಇದ್ದರೆ ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಪೆನ್‌ಡ್ರೈವಿನಲ್ಲಿ ಪ್ರತಿ ತೆಗೆದಿಡಬೇಕು.

ಆ ಮನೆಯ ತೀರ್ಮಾನ ಹೀಗಾಗಬಹುದು. ಈ ವರ್ಷ ಧೂಳು ತೆಗೆದು ಪೇಸ್ಟ್ ಹಚ್ಚುವುದು, ಎಸ್‌ಎಸ್‌ಡಿ ಮತ್ತು ಯುಪಿಎಸ್ ತರುವುದು, ವಿಸ್ತರಿತ ನವೀಕರಣಕ್ಕೆ ನೋಂದಾಯಿಸುವುದು. ಅಕ್ಟೋಬರಿನ ಹೊತ್ತಿಗೆ ರ‍್ಯಾಮಿನ ಬೆಲೆಯನ್ನೂ ದ್ರಾಕ್ಷಿಯ ಬೆಳೆಯನ್ನೂ ನೋಡಿ, ಹೊಸ ಗಣಕವೋ ಲಿನಕ್ಸೋ ಎಂದು ಮತ್ತೆ ಕೂತು ಮಾತಾಡುವುದು. ಪೆಟ್ಟಿಗೆ ಬಿಚ್ಚಲು ಅಣ್ಣನೇ ರಜೆಗೆ ಬರಬೇಕು; ಪಕ್ಕದಲ್ಲಿ ಕುಳಿತು ಸ್ಕ್ರೂ ಹಿಡಿಯುವ ಕೆಲಸ ತಮ್ಮನದು. ತಂಗಿಯದು ಒಂದೇ ಷರತ್ತು: "ಅಣ್ಣಾ, ನನ್ನ ಹತ್ತನೇತ್ತೆ ಪರೀಕ್ಷಾ ಮುಗಿಯೂ ತನಕ ಯಾರೂ ಅದನ್ನ ಮುಟ್ಟಬ್ಯಾಡ್ರಿ."