ಒಬ್ಬನಿಗೆ 25 ಕೋಟಿ ಡಾಲರ್, ತಂಡಕ್ಕೆ ಕೊನೆಯ ಸ್ಥಾನ!

ಇಡೀ ತಂಡದ ಬೆಲೆ 25 ಕೋಟಿ ಡಾಲರ್. ಅದರಲ್ಲಿ ಆಡಲು ಬಂದ ಒಬ್ಬನೇ ಆಟಗಾರನ ಬೆಲೆ 25 ಕೋಟಿ 20 ಲಕ್ಷ ಡಾಲರ್! ಇದು ಕಟ್ಟುಕತೆಯಲ್ಲ. ಅಮೆರಿಕದ ಟೆಕ್ಸಾಸ್ ರೇಂಜರ್ಸ್ ಎಂಬ ಬೇಸ್‌ಬಾಲ್ ತಂಡವನ್ನು ಉದ್ಯಮಿ ಟಾಮ್ ಹಿಕ್ಸ್ 1998ರಲ್ಲಿ ಕೊಂಡದ್ದು ಮೊದಲ ಮೊತ್ತಕ್ಕೆ. ಅದೇ ಹಿಕ್ಸ್ 2000ದ ಡಿಸೆಂಬರ್‌ನಲ್ಲಿ ಅಲೆಕ್ಸ್ ರೋಡ್ರಿಗಸ್ ಎಂಬ 25 ವರ್ಷದ ತರುಣನೊಡನೆ ಹತ್ತು ವರ್ಷಗಳ ಕರಾರು ಮಾಡಿಕೊಂಡದ್ದು ಎರಡನೆಯ ಮೊತ್ತಕ್ಕೆ. ಕ್ರೀಡಾಲೋಕ ಅಲ್ಲಿಯವರೆಗೆ ಅಷ್ಟು ದೊಡ್ಡ ಕರಾರನ್ನು ಕಂಡಿರಲಿಲ್ಲ.

ಮುಂದೇನಾಯಿತು? 162 ಪಂದ್ಯಗಳ ಋತುವಿನಲ್ಲಿ ರೇಂಜರ್ಸ್ 2001ರಲ್ಲಿ ಗೆದ್ದದ್ದು 73, ಮರುವರ್ಷ 72, ಅದರ ಮರುವರ್ಷ 71. ನಾಲ್ಕು ತಂಡಗಳ ವಿಭಾಗದಲ್ಲಿ ಮೂರು ವರ್ಷವೂ ಕೊನೆಯ ಸ್ಥಾನ. ‘ದುಡ್ಡನ್ನೆಲ್ಲ ಒಬ್ಬನೇ ನುಂಗಿದರೆ ತಂಡ ಮೇಲೇಳುವುದಾದರೂ ಹೇಗೆ?’ ಎಂಬ ಪ್ರಶ್ನೆ ಏಳುವುದು ಸಹಜವೇ. ಆದರೆ ಅದು ನ್ಯಾಯವಾದ ಪ್ರಶ್ನೆಯೇ? ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ರೋಡ್ರಿಗಸ್ ಕೆಲಸಗಳ್ಳನಾಗಿರಲಿಲ್ಲ. ಮೂರು ವರ್ಷಗಳಲ್ಲಿ ಆತ ತಪ್ಪಿಸಿಕೊಂಡದ್ದು ಒಂದೇ ಪಂದ್ಯ. ಚೆಂಡನ್ನು ಬೇಲಿಯಾಚೆ ಅಟ್ಟಿ ಗಳಿಸುವ ಹೋಮ್ ರನ್‌ಗಳು ಕ್ರಮವಾಗಿ 52, 57 ಮತ್ತು 47. ಮೂರು ವರ್ಷವೂ ಅಮೆರಿಕನ್ ಲೀಗ್‌ನಲ್ಲಿ ಆತನೇ ಮೊದಲಿಗ. 2003ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯೂ ಆತನಿಗೇ ಬಂತು. (ಈ ಮೂರು ವರ್ಷಗಳಲ್ಲಿ ತಾನು ನಿಷೇಧಿತ ಮದ್ದು ಸೇವಿಸಿದ್ದಾಗಿ ಆತ 2009ರಲ್ಲಿ ಒಪ್ಪಿಕೊಂಡ. ಅಂಕಿ ಅಂಶಗಳನ್ನು ಮೆಚ್ಚುವಾಗ ಈ ಕಳಂಕವನ್ನು ಮರೆಯುವಂತಿಲ್ಲ.)

ಹಾಗಾದರೆ ಸೋಲು ಏಕೆ? ಉತ್ತರ ಆಟದ ಸ್ವರೂಪದಲ್ಲೇ ಇದೆ. ಕ್ರಿಕೆಟ್‌ನಲ್ಲಿ ಒಬ್ಬ ದಾಂಡಿಗ ನೆಲೆಯೂರಿದರೆ ದಿನವಿಡೀ ಆಡಬಹುದು, ಪಂದ್ಯವನ್ನು ಒಬ್ಬನೇ ಗೆಲ್ಲಿಸಿಕೊಡಬಹುದು. ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ಒಂಬತ್ತು ಮಂದಿ ಸರದಿಯಂತೆ ದಾಂಡು ಹಿಡಿಯಬೇಕು. ಎಂಥ ಶೂರನಾದರೂ ಪಂದ್ಯವೊಂದರಲ್ಲಿ ಆತನಿಗೆ ಸಿಗುವ ಸರದಿ ನಾಲ್ಕೋ ಐದೋ. ಇನ್ನು ಎದುರಾಳಿಯ ರನ್ ತಡೆಯುವುದು ಮುಖ್ಯವಾಗಿ ಪಿಚರ್, ಅಂದರೆ ಚೆಂಡೆಸೆಯುವವನ ಹೊಣೆ. ರೇಂಜರ್ಸ್ ಬಡವಾಗಿದ್ದದ್ದು ಇಲ್ಲಿಯೇ. ತಾರೆ ಹೊಡೆದ ರನ್ನುಗಳನ್ನು ಎಸೆತಗಾರರು ಎದುರಾಳಿಗೆ ಧಾರಾಳವಾಗಿ ಹಿಂದಿರುಗಿಸುತ್ತಿದ್ದರು. ಸೂರು ಸೋರುವ ಮನೆಗೆ ತೇಗದ ಬಾಗಿಲು ಕೂರಿಸಿದಂತೆ. ಮಳೆಯಲ್ಲಿ ನೆನೆದರೆ ತಪ್ಪು ಬಾಗಿಲಿನದಲ್ಲ.

ಸೂರು ರಿಪೇರಿಗೆ ಹಣವಿರಲಿಲ್ಲವೇ? ಇತ್ತು. 2002ರಲ್ಲಿ ತಂಡದ ವಾರ್ಷಿಕ ವೇತನ ಹತ್ತು ಕೋಟಿ ಡಾಲರ್ ದಾಟಿತ್ತು. ಅದರಲ್ಲಿ ರೋಡ್ರಿಗಸ್ ಪಾಲು ಕಾಲುಭಾಗಕ್ಕಿಂತ ಕಡಿಮೆ. ಮುಕ್ಕಾಲು ಭಾಗಕ್ಕಿಂತ ಹೆಚ್ಚು ಉಳಿದವರಿಗೇ ಹೋಗುತ್ತಿತ್ತು. ದಕ್ಷಿಣ ಕೊರಿಯದ ಪಿಚರ್ ಚಾನ್ ಹೋ ಪಾರ್ಕ್‌ಗೆ ಐದು ವರ್ಷಕ್ಕೆ 6.5 ಕೋಟಿ ಡಾಲರ್ ಕೊಟ್ಟರು. ಗಾಯಗಳಿಂದ ನರಳಿದ ಆತ ನಿರೀಕ್ಷೆ ಮುಟ್ಟಲಿಲ್ಲ. ಅದೇ ವರ್ಷ ಅದೇ ವಿಭಾಗದ ಓಕ್ಲೆಂಡ್ ತಂಡ, ಇದರ ಅರ್ಧಕ್ಕಿಂತ ಕಡಿಮೆ ವೇತನದಲ್ಲಿ 103 ಪಂದ್ಯ ಗೆದ್ದಿತು!

2004ರ ಫೆಬ್ರುವರಿಯಲ್ಲಿ ರೋಡ್ರಿಗಸ್‌ನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಬಿಟ್ಟುಕೊಡಲಾಯಿತು. ಆ ವರ್ಷ ರೇಂಜರ್ಸ್ 89 ಪಂದ್ಯ ಗೆದ್ದಾಗ, ‘ನೋಡಿದಿರಾ, ಹೊರೆ ಇಳಿಯಿತು’ ಎನ್ನಲು ಅವಕಾಶವಾಯಿತು. ಆದರೆ ಮುಂದಿನ ಮೂರು ವರ್ಷಗಳ ಗೆಲುವು 79, 80, 75. ಆತನೊಬ್ಬನೇ ಅಡ್ಡಿಯಾಗಿದ್ದರೆ ಹೀಗೇಕಾಗುತ್ತಿತ್ತು? ಇತ್ತ ಯಾಂಕೀಸ್ ಆತನೊಡನೆಯೇ 2009ರಲ್ಲಿ ವಿಶ್ವ ಸರಣಿ ಗೆದ್ದಿತು.

ಹಾಗೆಂದು ಕರಾರು ಪೂರ್ತಿ ನಿರ್ದೋಷಿಯೂ ಅಲ್ಲ. ಆತ ಹೊರಟಾಗ ಬಾಕಿಯಿದ್ದ 17.9 ಕೋಟಿಯಲ್ಲಿ 6.7 ಕೋಟಿ ಡಾಲರನ್ನು ತಾನೇ ಭರಿಸಲು ರೇಂಜರ್ಸ್ ಒಪ್ಪಿತ್ತು. ಆಟ ಅಲ್ಲಿ, ಸಂಬಳದ ಪಾಲು ಇಲ್ಲಿಂದ! 2010ರಲ್ಲಿ ತಂಡ ದಿವಾಳಿ ಅರ್ಜಿ ಹಾಕಿದಾಗ, ಭದ್ರತೆಯಿಲ್ಲದ ಸಾಲಗಾರರ ಪಟ್ಟಿಯಲ್ಲಿ ಎಲ್ಲರಿಗಿಂತ ಹೆಚ್ಚು ಹಣ ಬರಬೇಕಿದ್ದದ್ದು ರೋಡ್ರಿಗಸ್‌ಗೇ: ಸುಮಾರು 2.49 ಕೋಟಿ ಡಾಲರ್. ದೊಡ್ಡ ಕರಾರಿನ ನಿಜವಾದ ಅಪಾಯ ಇದು. ಲೆಕ್ಕ ತಪ್ಪಿದರೆ ತಿದ್ದಿಕೊಳ್ಳಲು ಎಡೆಯೇ ಉಳಿಯುವುದಿಲ್ಲ.

ಇಷ್ಟಾದ ಮೇಲೂ ರೇಂಜರ್ಸ್ ತಾರೆಯರ ಸಹವಾಸ ಬಿಡಲಿಲ್ಲ. 2021ರಲ್ಲಿ 102 ಪಂದ್ಯ ಸೋತ ತಂಡ, ಆ ವರ್ಷದ ಕೊನೆಗೆ ಕೋರಿ ಸೀಗರ್ ಎಂಬಾತನಿಗೆ ಹತ್ತು ವರ್ಷಕ್ಕೆ 32.5 ಕೋಟಿ ಡಾಲರ್ ಕರಾರು ನೀಡಿತು. ಈ ಸಲ ಅಷ್ಟಕ್ಕೇ ನಿಲ್ಲಲಿಲ್ಲ. ಸೀಗರ್ ಜೊತೆಗೆ ಮಾರ್ಕಸ್ ಸಿಮಿಯನ್ ಬಂದ. ಬಳಿಕ ನೇಥನ್ ಇಯೊವಾಲ್ಡಿ, ಜೋರ್ಡನ್ ಮಾಂಟ್ಗಮರಿಯಂಥ ಪಿಚರ್‌ಗಳು ಬಂದರು. 2023ರಲ್ಲಿ ರೇಂಜರ್ಸ್ ಮೊಟ್ಟಮೊದಲ ಬಾರಿಗೆ ವಿಶ್ವ ಸರಣಿ ಗೆದ್ದಿತು. ಸರಣಿಯ ಅತ್ಯಮೂಲ್ಯ ಆಟಗಾರ ಸೀಗರ್!

ಬಾಗಿಲು ಈ ಬಾರಿಯೂ ತೇಗದ್ದೇ. ಆದರೆ ಮನೆಯವರು ಸೂರಿಗೂ ಹಂಚು ಹೊದಿಸಿದ್ದರು. ತರಗತಿಯ ಜಾಣ ಹುಡುಗನೊಬ್ಬನಿಂದಲೇ ಶಾಲೆಯ ತಂಡ ಗೆಲ್ಲಲೆಂದು ಬಯಸುವವರೂ, ಸೋತಾಗ ಅವನನ್ನೇ ದೂರುವವರೂ ಒಮ್ಮೆ ಉಳಿದ ಎಂಟು ಮಂದಿಯತ್ತ ಕಣ್ಣು ಹಾಯಿಸುವುದು ಒಳ್ಳೆಯದು.